ಇದ್ಯಾರು ಹೊಸದಾಗಿ ಅಕ್ಕ?

ಅಕ್ಟೋಬರ್ ಹದಿನೆಂಟು, ಭಾನುವಾರ

ಪ್ರೀತಿಯ ಅಕ್ಕಾ,

ಅಕ್ಟೋಬರ್ ಬಂತು, ಇವಳ ಪುರಾಣವೂ ಬಂತು ಎಂದು ನಗಬೇಡ. ವರ್ಷಕ್ಕೊಮ್ಮೆ ಏನು ಬರೆದೆ, ಏನು ಓದಿದೆ ಎಂದು ನಿನಗೆ ಒಪ್ಪಿಸದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ.

ಮೊದಲು ಓದು. ಈ ಸಲ ಓದಿದ್ದು ಕಡಿಮೆ, ವಾಪಸ್ ಇಟ್ಟದ್ದೇ ಹೆಚ್ಚು. ಗ್ರಂಥಾಲಯದಲ್ಲಿ ಕಾದಂಬರಿ ಕೈಗೆ ಬಂದ ಕೂಡಲೇ ಕೊನೆಯ ಪುಟ ತೆರೆಯುತ್ತೇನೆ. ಯಾರಾದರೂ ಸತ್ತಿದ್ದರೆ ಅಲ್ಲೇ ಮುಚ್ಚಿ ಕಪಾಟಿಗೆ ಸೇರಿಸುತ್ತೇನೆ. ಗ್ರಂಥಪಾಲಕರು ನೋಡಿ ನೋಡಿ ಸಾಕಾಗಿ, ಏನ್ ಮೇಡಂ, ನಿಂತಲ್ಲೇ ಓದಿ ಮುಗಿಸ್ತೀರಾ ಅಂದರು. ಕೊನೆಗೆ ಮನೆಗೆ ತಂದದ್ದು ಗಡಿಯಾರ ರಿಪೇರಿಯ ಪುಸ್ತಕ. ಮುಳ್ಳು, ಹಲ್ಲುಚಕ್ರ, ಸ್ಪ್ರಿಂಗು. ಅದರಲ್ಲಿ ಯಾರಿಗೂ ಏನೂ ಆಗುವುದಿಲ್ಲ. ಎರಡು ಸಲ ಓದಿದೆ.

ಇನ್ನು ಬರವಣಿಗೆ. ಕಾದಂಬರಿ ಮುಗಿದಿದೆ, ಮುಗಿದಿಲ್ಲ. ಕಥೆಯ ಟೈಲರಮ್ಮ ಯಾರೆಂದು ನೀನು ಮೊದಲ ಅಧ್ಯಾಯಕ್ಕೇ ಹಿಡಿದುಬಿಟ್ಟೆ. ಕನ್ನಡಕಕ್ಕೆ ದಾರ ಕಟ್ಟಿಕೊಳ್ಳುವವರು, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವವರು ನಿನ್ನನ್ನು ಬಿಟ್ಟು ಊರಲ್ಲಿ ಇನ್ನೆಷ್ಟು ಜನ ಇದ್ದಾರೆ? ನನಗೆ ಪಾತ್ರ ಹುಟ್ಟಿಸಲು ಬರುವುದಿಲ್ಲ, ಕದಿಯಲು ಬರುತ್ತದೆ. ಹಿಂದಿನ ಪುಸ್ತಕದಲ್ಲಿ ಹೆಡ್‌ಮಾಸ್ತರರನ್ನು ಮೆಟ್ಟಿಲಿನಿಂದ ಬೀಳಿಸಿದೆ. ಪುಸ್ತಕ ಬಂದ ತಿಂಗಳೇ ಪಕ್ಕದ ಮನೆಯ ಹೆಡ್‌ಮಾಸ್ತರರು ಕಾಲು ಮುರಿದುಕೊಂಡರು. ನನ್ನನ್ನ ಮಾತ್ರ ನಿನ್ನ ಪುಸ್ತಕಕ್ಕೆ ಸೇರಿಸಬೇಡ ತಾಯಿ ಎಂದು ನೀನು ಕೈ ಮುಗಿದಿದ್ದೆ. ಆಗ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಕೊನೆಯ ಅಧ್ಯಾಯದಲ್ಲಿ ಟೈಲರಮ್ಮ ಸಾಯುತ್ತಾಳೆ. ಅದನ್ನು ಒಂದೇ ಉಸಿರಿನಲ್ಲಿ ಬರೆದು, ಟೈಪು ಮಾಡಿಕೊಡುವಾಕೆಗೆ ಕಳಿಸಿದೆ. ಮರುದಿನ ನಿನ್ನ ಫೋನು ಬಂತು. ಎದೆಯಲ್ಲೊಂದು ಗಂಟು, ಪರೀಕ್ಷೆಗೆ ಕೊಟ್ಟಿದ್ದೀನಿ, ನೀನೇನೂ ಹೆದರಬೇಡ ಅಂದೆ. ನಾನು ಹೂಂ ಅಂದೆ. ಅದಾದ ಮೇಲೆ ಟೈಪು ಮಾಡುವಾಕೆಯ ಫೋನು. ಮೇಡಂ, ಟೈಲರಮ್ಮನಿಗೆ ಹಿಂದೆ ಮುಂದೆ ಯಾರೂ ಇಲ್ಲ ಅಂತ ನೀವೇ ಬರೆದಿದ್ದೀರಿ, ಇದ್ಯಾರು ಹೊಸದಾಗಿ ಅಕ್ಕ ಅಂತ ಕೇಳಿದಳು. ಸಾಲನ್ನು ಓದಿಯೂ ಹೇಳಿದಳು: "ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು, ಮತ್ತೆ ಏಳಲಿಲ್ಲ." ಬದಲಾಯಿಸ್ಲಾ, ಹಾಗೇ ಬಿಡ್ಲಾ ಎಂದಳು. ಆಮೇಲೆ ಹೇಳ್ತೀನಿ ಎಂದು ಫೋನು ಇಟ್ಟುಬಿಟ್ಟೆ.

ಟೈಲರಮ್ಮ ಎಂದು ಬರೆಯಬೇಕಾದಲ್ಲಿ ಕೈ ಅಕ್ಕ ಎಂದು ಬರೆದಿದೆ. ನಿನ್ನ ಗಂಟಿನ ಸುದ್ದಿ ತಿಳಿಯುವ ಮೊದಲೇ ಬರೆದಿದೆ. ಓದಿದವರು ಹೀಗೆಲ್ಲ ಹೆದರುತ್ತಾರಾ ಎಂದು ನೀನು ಬೈಯುತ್ತೀಯ, ಗೊತ್ತು. ಬೈ. ನನಗೆ ಭಯವಾಗಿದೆ ಅಕ್ಕಾ. ಪೆನ್ನು ಮುಟ್ಟಲು ಭಯ, ಫೋನು ಹೊಡೆದುಕೊಂಡರೆ ಭಯ, ಹೊಡೆದುಕೊಳ್ಳದಿದ್ದರೆ ಇನ್ನೂ ಭಯ.

ಆ ಅಧ್ಯಾಯವನ್ನು ವಾಪಸ್ ತರಿಸಿಕೊಂಡೆ. ಟೈಲರಮ್ಮ ಏಳುತ್ತಾಳೆ, ಅಂಗಡಿಯ ಬಾಗಿಲು ತೆರೆಯುತ್ತಾಳೆ ಎಂದು ತಿದ್ದಿ ಪ್ರಕಾಶಕರಿಗೆ ಓದಿ ಹೇಳಿದೆ. ಕಥೆ ಸಪ್ಪೆ ಆಗೋಯ್ತಲ್ಲ ಮೇಡಂ ಎಂದರು. ಆಗಲಿ ಬಿಡಿ ಎಂದೆ. ಇಷ್ಟು ವರ್ಷ ಒಂದೊಂದು ಅಲ್ಪವಿರಾಮಕ್ಕೂ ಅವರೊಡನೆ ಜಗಳವಾಡಿದವಳು ನಾನು.

ಪರೀಕ್ಷೆಯ ವಿಷಯ ನೀನಾಗಿ ಎತ್ತುತ್ತಿಲ್ಲ. ಕೇಳಲು ನನಗೆ ಬಾಯಿ ಬರುತ್ತಿಲ್ಲ. ಫೋನಿನಲ್ಲಿ ಹವೆ, ಸೊಂಟನೋವು, ಪಕ್ಕದ ಮನೆಯ ನಾಯಿ ಎಂದು ಮಾತಾಡಿ ಇಡುತ್ತೇವೆ. ಏನೂ ಇಲ್ಲವೆಂದು ಬಂದಿದ್ದರೆ ನೀನು ಅವತ್ತೇ ಕೂಗಿ ಹೇಳುತ್ತಿದ್ದೆ ಎಂದು ಒಳಗೊಳಗೇ ಅನ್ನಿಸುತ್ತದೆ. ಇನ್ನೂ ಬಂದಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಒಂದು ಸಾಲು ಬರೆ. ಎಂಥದ್ದಾದರೂ ಸರಿ.

ನಿನ್ನ
ಪುಟ್ಟಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಭಾವ ಫೋನು ಮಾಡಿದರು. ನನಗೆ ಎಲ್ಲ ಹೇಳಿಯಾಗಿದೆ ಎಂದು ನೀನು ಅವರನ್ನು ನಂಬಿಸಿದ್ದೀಯಂತೆ. ಪಾಪ, ಮಂಗಳವಾರ ಆಪರೇಷನ್ನಿಗೆ ನೀನು ಎಷ್ಟು ಗಂಟೆಗೆ ಬರ್ತೀಯಮ್ಮ ಎಂದು ಕೇಳಿದರು. ಬೆಳಿಗ್ಗೆಯೇ ಬರ್ತೀನಿ ಭಾವ ಎಂದೆ, ಮೊದಲೇ ಗೊತ್ತಿದ್ದವಳ ಹಾಗೆ. ಅವರಿಗೆ ಬೈಯಬೇಡ. ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ, ನಾಳೆ ನಾನೇ ತರುತ್ತೇನೆ. ನೀನು ಓದಿ ಮುಗಿಸುವವರೆಗೆ ಪಕ್ಕದಲ್ಲೇ ಕೂತಿರುತ್ತೇನೆ.