ನಳಿಕೆಯ ಬಿಳುಪು

೧೦ ಫೆಬ್ರವರಿ ೧೯೬೫, ಬುಧವಾರ

ಕಣ್ಣು ಮುಚ್ಚಿದರೂ ಆ ಬಿಳುಪೇ ತೇಲುತ್ತಿದೆ. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ದಿನವೂ, ಹೃದಯದ ಶಸ್ತ್ರಕ್ರಿಯೆಯಾದ ರತ್ನವ್ವನ ರಕ್ತದ ತಿಳಿಯನ್ನು ಪರೀಕ್ಷೆಯ ದ್ರವದೊಂದಿಗೆ ಗಾಜಿನ ನಳಿಕೆಯಲ್ಲಿ ನಿಲ್ಲಿಸುತ್ತೇನೆ. ಮೈ ಇನ್ನೂ ನೊಂದಿದ್ದರೆ ಅದರೊಳಗಿನ ಒಂದು ಪ್ರೋಟೀನು ಬೆಳ್ಳಗೆ ಗರಣೆಗಟ್ಟುತ್ತದೆ. ದಿನದಿಂದ ದಿನಕ್ಕೆ ಅದು ಕಡಿಮೆಯಾಗುತ್ತ ಬಂದಿತ್ತು. ಇಂದು ಮಾತ್ರ ನಳಿಕೆಯ ತುಂಬ ಬಿಳುಪು.

ಡಾಕ್ಟರರನ್ನು ಕರೆಯಲು ಹೊರಟರೆ ಅವಳ ತಾಯಿ ದಾನವ್ವ ಬಾಗಿಲಲ್ಲೇ ನಿಂತಿದ್ದರು.

"ಸಿಟ್ಟಾಗಬ್ಯಾಡ್ರಿ ಅಕ್ಕಾರ. ಮಗಳ ರಕ್ತ ಒಂಟಿ ನಿಂತಿತ್ತು. ಆ ಗಾಜಿಗೂ ಒಂದೀಟು ವಿಭೂತಿ ಹಚ್ಚೇನಿ."

ನಳಿಕೆಯ ಹೊರಮೈಯನ್ನು ಹೆಬ್ಬೆರಳಿನಿಂದ ಒರೆಸಿದೆ. ಒಳಗೆ ಬೆಳಗಿನ ಕೆಲಗೇರಿ ಕೆರೆಯಂಥ ತಿಳಿ; ಗರಣೆಯ ಗುರುತೂ ಇಲ್ಲ.

ಬೈಯದೆ ನಳಿಕೆಯನ್ನು ಮತ್ತೆ ಅದರ ಜಾಗದಲ್ಲಿ ನಿಲ್ಲಿಸಿದೆ. ಬೆರಳಲ್ಲಿ ಇನ್ನೂ ಆ ಬೂದಿಯಿದೆ. ಕೈತೊಳೆಯಲು ಮನಸ್ಸಿಲ್ಲ. ದೀಪ ಆರಿಸುವ ಮುಂಚೆ ಅದನ್ನೇ ನನ್ನ ಹಣೆಗೆ ಹಚ್ಚಿಕೊಳ್ಳುತ್ತೇನೆ.