ಬಾಗಿಲು ಹಾಕುವ ಮುನ್ನ

ಶುಕ್ರವಾರ, ಸಂಜೆ

ಸಮಸ್ತ ಗ್ರಾಹಕ ಮಹಾಶಯರೇ, ಮಹಿಳೆಯರೇ, ಟ್ರಾಲಿಯೊಳಗೆ ಕೂತ ಮಕ್ಕಳೇ, ಇವರೆಲ್ಲರಿಗಿಂತ ಮುಖ್ಯವಾಗಿ ನನ್ನ ಅಕ್ಕಾ,

ದಯವಿಟ್ಟು ಇತ್ತ ಗಮನ ಕೊಡಿ. ದೊಡ್ಡಂಗಡಿಯ ಮೈಕಿನಲ್ಲಿ ವರ್ಷಾನುಗಟ್ಟಲೆ 'ಬುಟ್ಟಿ ತುಂಬಿರಲಿ, ಅರೆಯೇ ಇರಲಿ, ಬಾಗಿಲು ಹಾಕುವ ಮುನ್ನ ಬಿಲ್ಲಾಗಲಿ' ಎಂದು ಊರಿಗೆಲ್ಲ ಗಡುವು ಸಾರಿದ ನಿನ್ನ ತಂಗಿ ತನ್ನ ಗಡುವನ್ನೇ ತಪ್ಪಿಸಿಕೊಳ್ಳುವುದರಲ್ಲಿದ್ದಳು. ತಪ್ಪಲಿಲ್ಲ. ಇವತ್ತು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ದೂರು ಕೊಟ್ಟೆ. ಸೀಲು ಬಿತ್ತು. ಮೊದಲು ಉಸಿರು ಬಿಡು, ಆಮೇಲೆ ಬೈ.

ಕೆಲಸದಿಂದ ತೆಗೆಯುವಾಗ ಮ್ಯಾನೇಜರ್ ಅಂದದ್ದು ನಿನಗೆ ಗೊತ್ತು: "ನಿಮ್ಮ ದನಿಗೆ ವಯಸ್ಸಾಯ್ತು ಮೇಡಂ, ಎಳೇ ದನಿ ಬೇಕು." ವಯಸ್ಸಿನ ನೆವದಲ್ಲಿ ತೆಗೆದರೆ ದೂರು ಕೊಡಬಹುದು, ಆದರೆ ಆರು ತಿಂಗಳೊಳಗೆ ಎಂದು ನೀನು ಅವತ್ತೇ ಹೇಳಿದ್ದೆ. ನಾನು ಹೆಡ್ ಆಫೀಸಿಗೆ ಮನವಿ ಬರೆದು ಉತ್ತರಕ್ಕೆ ಕಾದು ಕೂತೆ. ಮೇಲಿನವರು ಯೋಚಿಸುತ್ತಿದ್ದಾರೆ, ಆತುರ ಬೇಡ ಎಂದು ಮ್ಯಾನೇಜರ್ ಬೆಣ್ಣೆ ಹಚ್ಚುತ್ತಲೇ ಇದ್ದ. ಅಲ್ಲಿಂದ ಉತ್ತರ ಬರುವತನಕ ಇಲ್ಲಿ ಗಡುವು ನಿಂತಿರುತ್ತದೆ ಎಂದುಕೊಂಡಿದ್ದೆ. ಅಂಗಡಿಯಲ್ಲಿ ನನ್ನ ಕೊನೆಯ ಕೂಗಾದ ಮೇಲೂ ಸಾಬೂನು ಮೂಸುತ್ತ ನಿಂತವರನ್ನು ನಾವು ಹೊರದಬ್ಬುತ್ತಿರಲಿಲ್ಲವಲ್ಲ. ಸರ್ಕಾರಕ್ಕೂ ಅಷ್ಟು ದಾಕ್ಷಿಣ್ಯ ಇದ್ದೀತು ಎಂಬ ಭರವಸೆ.

ನಿನ್ನೆ ನೀನೇ ಫೋನ್ ಮಾಡಿ, "ಅವರು ಯೋಚಿಸ್ತಾ ಇರ್ಲಿ ಕಣೇ. ಗಡುವು ನಾಳೆಗೆ ಮುಗಿಯುತ್ತೆ, ಅದೇನು ನಿನ್ನ ಕಾಯ್ಕೊಂಡು ಕೂತಿರುತ್ತಾ?" ಎಂದು ಜಾಡಿಸಿದೆ. ನಾನು ಹ್ಞೂಂ ಬಿಟ್ಟು ಬೇರೇನೂ ಅನ್ನಲಿಲ್ಲ. ಆದರೆ ಇವತ್ತು ಓಡಿದೆ.

ಕಚೇರಿ ಮುಚ್ಚಲು ಇನ್ನೂ ಹೊತ್ತಿತ್ತು. ಗುಮಾಸ್ತ ಮಾತ್ರ ಆಗಲೇ ಕಿಟಕಿಯ ಪರದೆ ಎಳೆಯುತ್ತಿದ್ದ. ಸ್ವಲ್ಪ ತಾಳಿ ಸಾರ್ ಎಂದೆ. ಅವನ ಕೈ ಅಲ್ಲೇ ನಿಂತಿತು.

"ಬಿಲ್ಲಾಗಲಿ ಮೇಡಂ ಅಲ್ವಾ ನೀವು? ನಿಮ್ಮ ದನಿ ಕೇಳಿ ಎಷ್ಟು ಸಲ ಅರ್ಧ ಸಾಮಾನು ಬಿಟ್ಟು ಓಡಿದೀನಿ."

ನನ್ನ ದೂರನ್ನು ನಿಧಾನವಾಗಿ ಓದಿದ. "ಈಗ ಅಲ್ಲಿ ಯಾರು ಕೂಗಿದ್ರೂ ಜನ ಕದಲಲ್ಲ," ಎನ್ನುತ್ತ ಇವತ್ತಿನ ತಾರೀಖಿನ ಸೀಲು ಒತ್ತಿದ. ಆ ಟಪ್ ಎಂಬ ಸದ್ದು ಕೇಳಿದ ಮೇಲೆಯೇ ಅಲ್ಲಿನ ಬೆಂಚಿನ ಮೇಲೆ ಕೂತೆ.

ಕೇಸು ಸೋಲಲಿ, ಗೆಲ್ಲಲಿ, ಇವತ್ತಿಗೆ ನನ್ನ ಹೆಸರು ಸಾಲಲ್ಲಿ. ಪ್ರಾಸಕ್ಕೆ ಕ್ಷಮೆಯಿರಲಿ.

ಇಂತು, ಬಾಗಿಲು ಹಾಕುವ ಮುನ್ನ ಒಳಗೆ ನುಸುಳಿದ
ನಿನ್ನ ತಂಗಿ

ಬಿಟ್ಟುಹೋದದ್ದು: ಮನವಿ, ಮ್ಯಾನೇಜರ್, ಸಾಬೂನು, ಎಲ್ಲ ನೆಪ ಅಕ್ಕಾ. ನನ್ನ ದನಿಗೆ ವಯಸ್ಸಾಯ್ತೆಂದು ಅವನು ಹೇಳಿದ್ದನ್ನು ನಾನೂ ನಂಬಿಬಿಟ್ಟಿದ್ದೆ. ಇಷ್ಟು ದಿನ ಫೋನ್ ಮಾಡದೆ ಕಾಗದ ಬರೆದದ್ದೂ ಅದಕ್ಕೇ. ಇದು ಕೈಸೇರಿದ ದಿನ ಫೋನ್ ಮಾಡು. ಮಾತಾಡುತ್ತೇನೆ.