ನಾಲ್ಕನೇ ಮಹಡಿಯ ಕಿಟಕಿಗೆ ಒಂದು ಚಿಲಕ

ಕಲಬುರಗಿ
ಫೆಬ್ರವರಿ 30, 2191

ಅವ್ವಾ ಶಾಂಭವಿ,

ತಾರೀಖು ನೋಡಿ ಗಾಬರಿಯಾಗಬೇಡ. ಸುಡುವ ತಿಂಗಳು ಬೇಗ ಮುಗಿಯಲಿ ಎಂದು ನಮ್ಮವರು ಮೇ ತಿಂಗಳಿಂದ ಎರಡು ದಿನ ಕಿತ್ತು ಫೆಬ್ರವರಿಗೆ ಸೇರಿಸಿದ್ದಾರೆ. ಬಿಸಿಲಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿದರೆ ಹೊಟ್ಟೆಗೆ ಹಾಕಿಕೊ. ನಾನು ಶಾಲೆಗೆ ಹೋದವಳಲ್ಲ. ನಿನ್ನ ಕಾಲದ ಕನ್ನಡವನ್ನು ಹಳೆಯ ನಕ್ಷೆಗಳ ಅಂಚಿನ ಬರಹ ಓದಿ ಕಲಿತವಳು. ನೀನು ನನ್ನ ಮುತ್ತಜ್ಜಿಯ ಅಜ್ಜಿ. ಆದರೆ ಈ ಕಾಗದ ಮುಟ್ಟುವ ದಿನ ನಿನಗೆ ಮೂವತ್ನಾಲ್ಕು, ನನಗೆ ಎಪ್ಪತ್ತೊಂದು. ಹಿರಿಯಳಿಗೂ ಕಿರಿಯಳಿಗೂ ಸಲ್ಲಲಿ ಎಂದು ಅವ್ವಾ ಅಂದಿದ್ದೇನೆ.

ನನ್ನ ಹೆಸರು ನೀಲಗಂಗಾ. ನಲವತ್ತು ವರ್ಷ ಮನೆಮನೆಗೆ ಹೋಗಿ ಬಾಗಿಲಿಗೆ ಬಿಜಾಗರಿ ಕೂಡಿಸಿದೆ, ಕಿಟಕಿ ಸರಿಮಾಡಿದೆ. ಈಗ ಮರುಪಾಠ ಹೇಳುತ್ತೇನೆ. ಮರುಪಾಠ ಎಂದರೆ, ಕಟ್ಟಡದ ನಕ್ಷೆ ಬರೆಯುವವರೆಲ್ಲ ಮೂರು ವರ್ಷಕ್ಕೊಮ್ಮೆ ಬಂದು ಕಿಟಕಿ ಬಾಗಿಲುಗಳ ಬಗ್ಗೆ ಮತ್ತೆ ಕಲಿಯುವ ಎರಡು ದಿನ. ಬರದವರ ಸಹಿ ನಡೆಯುವುದಿಲ್ಲ. ಪ್ರತಿ ಕೋಣೆಗೂ ಒಂದು ಉಸಿರುಗಿಂಡಿ ಇರಬೇಕು ಎಂಬುದು ನಮ್ಮ ಕಾನೂನು: ಕರೆಂಟಿನ ಹಂಗಿಲ್ಲದೆ, ಆರು ವರ್ಷದ ಮಗುವಿನ ಕೈಗೂ ತೆರೆಯುವ ಕಿಟಕಿ. ಬೇಸಿಗೆಯಲ್ಲಿ ನಾವು ಬೆಳಗಿನ ನಾಲ್ಕಕ್ಕೆ ಎದ್ದು ಅದನ್ನು ತೆರೆದು ಒಲೆ ಹಚ್ಚುತ್ತೇವೆ, ಎಂಟಕ್ಕೆ ಮುಚ್ಚಿ ಒದ್ದೆ ಚಾಪೆ ಇಳಿಬಿಡುತ್ತೇವೆ. ಓಣಿಯಲ್ಲಿ ಯಾರದಾದರೂ ಗಿಂಡಿ ಬೆಳಿಗ್ಗೆ ತೆರೆಯದಿದ್ದರೆ ಪಕ್ಕದವರು ಹೋಗಿ ಬಾಗಿಲು ಬಡಿಯುವುದು ರೂಢಿ.

ಪಾಠ ನಡೆಯುವುದು ನಿನ್ನ ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ಅದು ಇನ್ನೂ ನಿಂತಿದೆ, ಅವ್ವಾ. ನಿನಗೆ ಅದು ಈಗ ಮೇಜಿನ ಮೇಲೆ ನೀನೇ ಬರೆದ ನಕ್ಷೆಯ ಹಾಳೆ: ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ತಿಂಗಳ ಲೆಕ್ಕದಲ್ಲಿ ಕುರ್ಚಿ ಹಿಡಿದು ಕೂರುವ ಓದುಕೋಣೆ. ಎಸಿ ತಂಪು ಸೋರದಿರಲಿ ಎಂದು ಎಲ್ಲ ಗಾಜನ್ನೂ ಅಂಟು ಹಾಕಿ ಕೂಡಿಸಿದ್ದೀಯ. ಇರುವುದು ಒಂದೇ ಬಾಗಿಲು, ಅದೂ ಒಳಕ್ಕೆ ತೆರೆಯುತ್ತದೆ. ಐದು ವರ್ಷದ ನಂತರ ಒಂದು ಮಧ್ಯಾಹ್ನ ಕೆಳಗಿನ ಬ್ಯಾಟರಿ ಕೋಣೆ ಹೊತ್ತಿಕೊಳ್ಳುತ್ತದೆ. ಹೊಗೆ ಮೇಲೇರುತ್ತದೆ. ಎಲ್ಲರೂ ಒಟ್ಟಿಗೆ ಬಾಗಿಲಿಗೆ ಒತ್ತಿಕೊಂಡಾಗ ಅದನ್ನು ಒಳಕ್ಕೆಳೆಯಲು ಜಾಗವೇ ಇರುವುದಿಲ್ಲ. ಹತ್ತೊಂಬತ್ತು ಮಂದಿ. ಹೆಸರುಗಳು ನನಗೆ ಬಾಯಿಪಾಠ. ನಿನಗೆ ಬರೆಯುವುದಿಲ್ಲ, ಅವರೀಗ ಎಲ್ಲೋ ಐದನೆಯದೋ ಆರನೆಯದೋ ತರಗತಿಯಲ್ಲಿ ಗುಣಾಕಾರ ಮಾಡುತ್ತಿದ್ದಾರೆ.

ಮೊದಲ ದಿನ ನಕ್ಷೆಗಾರರ ಕಣ್ಣಿಗೆ ಬಟ್ಟೆ ಕಟ್ಟಿ, ಕಿಟಕಿ ತೆರೆಯಿರಿ ಎನ್ನುತ್ತೇನೆ. ಮೊದಲು ನಗುತ್ತಾರೆ. ವಿಶ್ವಾರಾಧ್ಯ ಎಂಬವನೊಬ್ಬ ಹೋದ ವಾರ, “ಆಯಿ, ಕಣ್ಣಾಮುಚ್ಚಾಲಿ ಆಡ್ಸಾಕ ಕರ್ಸೀರೇನು?” ಎಂದ. ಆಮೇಲೆ ಎಲ್ಲರಂತೆ ಅವನ ಬೆರಳೂ ಚೌಕಟ್ಟಿನ ಎಡಕ್ಕೆ, ಸೊಂಟದೆತ್ತರಕ್ಕೆ ಹೋಗಿ ನಿಂತಿತು. ಅಲ್ಲಿ ಗೀರುಗಳಿವೆ. ಕೈವಾರದ ಮೊನೆ, ಬೀಗದ ಕೈ, ಉಗುರು.

“ಚಿಲಕ ಇಲ್ಲೇ ಇರಬೇಕಲ್ಲ, ಆಯಿ?” ಎಂದ. ದನಿ ಇಳಿದಿತ್ತು.

“ಅವ್ರೂ ಹಂಗ ತಿಳ್ಕೊಂಡಿದ್ರಪಾ,” ಎಂದೆ.

ಪ್ರತಿ ಸಲವೂ ಎಲ್ಲರ ಕೈ ಅದೇ ಜಾಗಕ್ಕೆ ಹೋಗುತ್ತದೆ. ನಾನೊಬ್ಬಳೇ ಇದ್ದಾಗ ಗುಡಿಸುತ್ತ ಅಲ್ಲಿಗೆ ಬಂದರೆ ನನ್ನ ಕೈಯೂ ಹೋಗುತ್ತದೆ. ಒಮ್ಮೊಮ್ಮೆ ಅಲ್ಲಿ ಆಗಲೇ ಬೇರೆ ಬೆರಳುಗಳಿವೆ ಎನ್ನಿಸಿ, ಹಿಂದಕ್ಕೆ ಸರಿದು ಜಾಗ ಬಿಡುತ್ತೇನೆ.

ಎರಡನೆಯ ದಿನ ಅವರಿಗೆ ನಿನ್ನ ತರಗತಿಯ ಧ್ವನಿ ಕೇಳಿಸುತ್ತೇನೆ. ಹೌದು, ಅದು ಉಳಿದಿದೆ. ಬರುವ ಶನಿವಾರ ಹನ್ನೊಂದಕ್ಕೆ ನಿನಗೆ ಆನ್‌ಲೈನ್ ತರಬೇತಿ ಇದೆಯಲ್ಲ, ಕಿಟಕಿ ಬಾಗಿಲುಗಳದು? ನೀನು ಹೆಸರು ಹಚ್ಚಿ, ಕ್ಯಾಮೆರಾ ಆರಿಸಿ, ಫೋನನ್ನು ಅಡುಗೆಕಟ್ಟೆಯ ಮೇಲಿಟ್ಟು ಹೋಗುತ್ತೀ. ಪಾಠ ಹೇಳುವಾಕೆ ನೀವೆಲ್ಲ ಕಳಿಸಿದ ನಕ್ಷೆಗಳನ್ನು ಒಂದೊಂದಾಗಿ ನೋಡುತ್ತ ನಿನ್ನದಕ್ಕೆ ಬರುತ್ತಾಳೆ. “ಶಾಂಭವಿ ಅವರೇ, ಈ ನಾಲ್ಕನೇ ಮಹಡಿ ಕಿಟಕಿ ಒಂದಾದ್ರೂ ತೆರೀತದೇನ್ರಿ?” ಎನ್ನುತ್ತಾಳೆ. ನಿನ್ನ ಕುಕ್ಕರ್ ಕೂಗುತ್ತದೆ. “ಶಾಂಭವಿ ಅವರೇ, ಇದ್ದೀರೇನ್ರಿ?” ಮತ್ತೆ ಕುಕ್ಕರ್. “ಇರ್ಲಿ, ಮುಂದಿನವ್ರು,” ಎನ್ನುತ್ತಾಳೆ. ಕೊನೆಯ ಪ್ರಶ್ನೆಗಳಿಗೆಲ್ಲ ನಿನ್ನ ಸಹಾಯಕಿ ಎರಡು ನಿಮಿಷದಲ್ಲಿ ಸರಿಯುತ್ತರ ಒತ್ತುತ್ತಾಳೆ. ಪ್ರಮಾಣಪತ್ರ ನನ್ನ ಪೆಟ್ಟಿಗೆಯಲ್ಲಿದೆ. ನೂರಕ್ಕೆ ನೂರು.

ಬೈಯಲು ಬರೆದಿಲ್ಲ, ಅವ್ವಾ. ಆ ಬೆಂಕಿಯಾದ ಮೇಲೆ ನೀನು ಒಂದು ಗೆರೆಯನ್ನೂ ಎಳೆಯಲಿಲ್ಲ, ಮುಚ್ಚಿದ ಕೋಣೆಯಲ್ಲಿ ಮಲಗಲಿಲ್ಲ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ನಮ್ಮ ಮನೆತನದಲ್ಲಿ ಯಾರಿಗೂ ನಿನ್ನ ಹೆಸರಿಟ್ಟಿಲ್ಲ.

ಹೀಗೆ ಹಿಂದಿನವರಿಗೆ ಬರೆಯುವುದಕ್ಕೆ ನಮ್ಮಲ್ಲಿ ಹಿಂದಂಚೆ ಎನ್ನುತ್ತಾರೆ. ಬಹಳ ಜನ ಹಾಕುತ್ತಾರೆ, ಇದುವರೆಗೆ ಯಾರಿಗೂ ಉತ್ತರ ಬಂದಿಲ್ಲ. ಆದರೂ ಕೇಳುತ್ತೇನೆ. ಶನಿವಾರ ಅಲ್ಲೇ ಕೂತಿರು. ಹೆಸರು ಕರೆದಾಗ ಓ ಅನ್ನು. ತೆರೆಯುವುದಿಲ್ಲ ಎಂದು ಒಪ್ಪಿಕೊ, ನಾಚಬೇಡ. ನಕ್ಷೆ ತಿದ್ದು: ಕಿಟಕಿಗಳಿಗೆ ಚಿಲಕ, ಆಚೆ ಬದಿ ಇಳಿಯಲು ಮೆಟ್ಟಿಲು, ಹೊರಕ್ಕೆ ತೆರೆಯುವ ಬಾಗಿಲು.

ಆಗ ಈ ಪಾಠವೂ ಇರುವುದಿಲ್ಲ, ಈ ಕಾಗದವೂ ಇರುವುದಿಲ್ಲ. ಚಿಂತೆಯಿಲ್ಲ. ಆ ಹತ್ತೊಂಬತ್ತು ಮಂದಿಯ ಮೊಮ್ಮಕ್ಕಳ ಮೊಮ್ಮಕ್ಕಳು ಈ ಊರಲ್ಲಿ ಓಡಾಡುತ್ತಿರುತ್ತಾರೆ. ಅವರಲ್ಲಿ ಯಾರದೋ ಮನೆಗೆ ನಾನು ಬಾಗಿಲು ಸರಿಮಾಡಲು ಹೋಗಿ, ಯಾರು ಏನೆಂದು ತಿಳಿಯದೆ, ಅವರು ಕೊಟ್ಟ ಚಹಾ ಕುಡಿದು ಬಂದಿರುತ್ತೇನೆ.

ನಿನ್ನ,
ನೀಲಗಂಗಾ